ವಿಜ್ಞಾನ ಪರಿಷತ್ತಿಗೆ ಬೇಕಾಗಿರುವುದು ಬರೀ ಪ್ರೇಕ್ಷಕರಲ್ಲ

ಕನ್ನಡದಲ್ಲಿ ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಲೆಂದು 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಾಡಿನ ಶಾಲೆಗಳಿಗೆ ಅಪರಿಚಿತವೇನಲ್ಲ. ‘ಬಾಲ ವಿಜ್ಞಾನ’ ಮಾಸಪತ್ರಿಕೆ ಅದರ ಕೊಡುಗೆ. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶವನ್ನು ರಾಜ್ಯದಲ್ಲಿ ಸಂಘಟಿಸುವ ಹೊಣೆಯನ್ನೂ ಅದು ಹೊತ್ತು ಬಂದಿದೆ. 10ರಿಂದ 17 ವರ್ಷದೊಳಗಿನ ಮಕ್ಕಳು ತಮ್ಮೂರಿನ ನೀರು, ಕಸ, ಬೆಳೆ, ಆಹಾರ ಮುಂತಾದ ವಿಷಯಗಳನ್ನು ಮಾರ್ಗದರ್ಶಿ ಶಿಕ್ಷಕರ ನೆರವಿನಿಂದ ಅಧ್ಯಯನ ಮಾಡಿ ಅಲ್ಲಿ ವರದಿ ಮಂಡಿಸುತ್ತಾರೆ. ದುಬಾರಿ ಪ್ರಯೋಗಾಲಯ ಬೇಡ. ನೋಡುವ ಕಣ್ಣು, ಪ್ರಶ್ನಿಸುವ ಮನಸ್ಸು ಸಾಕು.

ಆದರೆ ಇಂತಹ ಸಂಸ್ಥೆಗಳೊಂದಿಗೆ ಪೋಷಕರಾದ ನಮ್ಮ ನಂಟು ಎಷ್ಟು? ಮಗು ಬಹುಮಾನ ಪಡೆಯುವ ದಿನ ಸಭಾಂಗಣದಲ್ಲಿ ಕುಳಿತು ಚಪ್ಪಾಳೆ ತಟ್ಟಿ ಮರಳುವಷ್ಟೇ. ಸದಸ್ಯತ್ವ ಪಡೆಯುವವರು ವಿರಳ. ಪಡೆದವರೂ ರಸೀದಿಯನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಪದಾಧಿಕಾರಿಗಳ ಆಯ್ಕೆಯ ಹೊತ್ತಿಗೆ ಅಂಗಡಿ, ಕಚೇರಿ, ಮದುವೆಗಳ ನೆಪಗಳು ಎದುರಾಗುತ್ತವೆ. ಬಳಿಕ, ‘ಎಲ್ಲವೂ ನಾಲ್ಕೈದು ಮಂದಿಯ ಕೈಯಲ್ಲಿದೆ’ ಎಂಬ ದೂರು! ನಾವೇ ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತರೆಂದು ಆಕ್ಷೇಪಿಸುವುದು ನ್ಯಾಯವೇ?

ಸಮಿತಿಯಲ್ಲಿ ಯಾರಿದ್ದಾರೆಂಬುದು ಕ್ಷುಲ್ಲಕ ವಿಷಯವಲ್ಲ. ಕಾರ್ಯಕ್ರಮ ಎಲ್ಲಿ ನಡೆಯಬೇಕು, ಎಷ್ಟು ಹೊತ್ತಿಗೆ ಮುಗಿಯಬೇಕು, ಯಾವ ಶಾಲೆಗಳಿಗೆ ಮಾಹಿತಿ ಮುಟ್ಟಬೇಕು ಎಂಬುದೆಲ್ಲ ನಿರ್ಧಾರವಾಗುವುದು ಸಮಿತಿಯ ಮೇಜಿನ ಸುತ್ತಲೇ. ಸಂಜೆಯ ಕೊನೆಯ ಬಸ್ಸು ತಪ್ಪುತ್ತದೆಂಬ ಕಾರಣಕ್ಕೆ ಮಗಳನ್ನು ಜಿಲ್ಲಾ ಸಮಾವೇಶಕ್ಕೆ ಕಳುಹಿಸದ ತಾಯಿಯ ಆತಂಕವನ್ನು ಆ ಮೇಜಿನಲ್ಲಿ ಪ್ರಸ್ತಾಪಿಸುವವರು ಬೇಕು. ಮಹಿಳೆಯರು, ಉರ್ದು ಶಾಲೆಗಳ ಶಿಕ್ಷಕರು, ಸಣ್ಣ ಪಟ್ಟಣಗಳ ಪೋಷಕರು ಅಲ್ಲಿರದಿದ್ದರೆ ಅಂತಹ ಮಗಳ ಹೆಸರು ಸದ್ದಿಲ್ಲದೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಅದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಹೇಳುವವರ ಗೈರುಹಾಜರಿಯೇ ಸಾಕು.

‘ನಾವು ವಿಜ್ಞಾನಿಗಳಲ್ಲವಲ್ಲ’ ಎಂಬ ಅಳುಕು ಹಲವರಿಗಿದೆ. ಲೆಕ್ಕಪತ್ರ ಇಡುವುದು, ಶಾಲೆಗಳಿಗೆ ಪತ್ರ ಬರೆಯುವುದು, ಸಭೆ ಕರೆಯುವುದು, ಮಕ್ಕಳ ಪ್ರಯಾಣದ ಏರ್ಪಾಡು ಮಾಡುವುದು—ಇವಕ್ಕೆ ಬೇಕಾದದ್ದು ಪ್ರಾಮಾಣಿಕತೆ ಮತ್ತು ಸಮಯ. ವರ್ಷವಿಡೀ ಅಂಗಡಿಯ ಲೆಕ್ಕ ನೋಡುವವರಿಗೆ ಖಜಾಂಚಿಯ ಕೆಲಸ ಕಠಿಣವಾಗದು. ವಿಜ್ಞಾನ ಪದವೀಧರರಾದ ಯುವಕ ಯುವತಿಯರಿಗಂತೂ ನೆಪವೇ ಇಲ್ಲ.

ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಸಾರುತ್ತದೆ. 1976ರ 42ನೇ ತಿದ್ದುಪಡಿಯ ಮೂಲಕ ಸೇರಿದ ಈ ಕರ್ತವ್ಯವನ್ನು ಭಾಷಣಗಳಲ್ಲಿ ಉದ್ಧರಿಸಿದರೆ ಸಾಲದು.

ಮೊದಲು ಸದಸ್ಯರಾಗೋಣ. ಸಭೆಗಳಿಗೆ ತಪ್ಪದೆ ಹೋಗೋಣ. ಒಂದು ಸಣ್ಣ ಜವಾಬ್ದಾರಿಯನ್ನು ಕೇಳಿ ಪಡೆದು, ಅದನ್ನು ಅಚ್ಚುಕಟ್ಟಾಗಿ ನಿಭಾಯಿಸಿ, ಆ ಬಳಿಕ ನಾಯಕತ್ವಕ್ಕೆ ಹೆಗಲು ಕೊಡೋಣ. ಸೇವೆಯಿಂದ ಗಳಿಸಿದ ಸ್ಥಾನವನ್ನು ಯಾರೂ ಅಲ್ಲಗಳೆಯಲಾರರು.