ದರವನ್ನು ಮರೆಮಾಚುವುದೇಕೆ?



ಬಸವಕಲ್ಯಾಣದ ಪೇಟೆಗಾಗಲಿ ಹುಮನಾಬಾದಿನ ಸಂತೆಗಾಗಲಿ ಹೋದ ರೈತನು ಮೊದಲು ಕೇಳುವುದು ದರವನ್ನು. ಅದೇ ರೈತನು ಜ್ವರದಿಂದ ನರಳುವ ಮಗುವನ್ನೆತ್ತಿಕೊಂಡು ಖಾಸಗಿ ದವಾಖಾನೆಯ ಮೆಟ್ಟಿಲೇರಿದಾಗ ಆ ಪ್ರಶ್ನೆ ಗಂಟಲಲ್ಲಿಯೇ ಉಳಿಯುತ್ತದೆ. ತಪಾಸಣೆಗೆಷ್ಟು, ರಕ್ತಪರೀಕ್ಷೆಗೆಷ್ಟು, ಮೂರು ದಿನ ಬಿಟ್ಟು ಮರಳಿ ಬಂದರೆ ಪುನಃ ಹಣ ಕೊಡಬೇಕೆ ಬೇಡವೆ ಎಂಬುದು ತಿಳಿಯುವ ಹೊತ್ತಿಗೆ ಕಿಸೆ ಬರಿದಾಗಿರುತ್ತದೆ.

ವೈದ್ಯನು ಹಣ ಪಡೆಯಬಾರದೆಂದು ನಾವು ಹೇಳುತ್ತಿಲ್ಲ. ಕಾಯಕಕ್ಕೆ ಪ್ರತಿಫಲವುಂಟು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು. ಚಿಕಿತ್ಸೆ ಅವರ ಕಾಯಕವೇ ಆಗಿತ್ತು. ಆದರೆ ಇದೇ ಕಲ್ಯಾಣದ ಅಂಗಳದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮನವರೂ ಇದ್ದರು. ಸಲ್ಲುವುದೆಷ್ಟು, ಸಲ್ಲದುದೆಷ್ಟು ಎಂಬ ಅಳತೆ ಆ ತಾಯಿಗೆ ಗೊತ್ತಿತ್ತು. ಅಳತೆಯನ್ನೇ ಮುಚ್ಚಿಟ್ಟವರಿಗೆ ಕಾಯಕದ ಹೆಸರೆತ್ತುವ ಅಧಿಕಾರವೆಲ್ಲಿಯದು?

ಇದು ಮಠದವರ ಹೊಸ ಬೇಡಿಕೆಯೆಂದು ಯಾರೂ ಭಾವಿಸಬೇಕಾಗಿಲ್ಲ. ವೈದ್ಯನು ತನ್ನ ಶುಲ್ಕವನ್ನು ಕೊಠಡಿಯಲ್ಲಿ ಪ್ರಕಟಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ವಿಧಿಸಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಲ್ಲಿ ಬಂದಿತು. ಅದಕ್ಕೆ 2017ರಲ್ಲಿ ತಿದ್ದುಪಡಿ ತರುವಾಗ ನವೆಂಬರ್ ತಿಂಗಳಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿ ಹೊರರೋಗಿಗಳ ಬಾಗಿಲು ಮುಚ್ಚಿದ್ದನ್ನು ನೀವು ಮರೆತಿಲ್ಲ. ಕಡೆಗೆ ಶಾಸನವೇನೋ ಆಯಿತು. ಫಲಕವೆಲ್ಲಿದೆ? ನಿಮ್ಮ ಓಣಿಯ ದವಾಖಾನೆಗೆ ಹೋಗಿ ನೀವೇ ನೋಡಿರಿ.

ರೋಗ ಮೊದಲೇ ಹೇಳಿ ಬರುತ್ತದೆಯೆ, ವೆಚ್ಚವನ್ನು ಮುಂಚಿತವಾಗಿ ಹೇಳುವುದೆಂತು ಎಂದು ಕೆಲವರು ವಾದಿಸುತ್ತಾರೆ. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ಮಾತಿನಲ್ಲಿ ಹುರುಳುಂಟು. ತಪಾಸಣೆಯ ಶುಲ್ಕ, ಹಾಸಿಗೆಯ ದಿನಬಾಡಿಗೆ, ರಕ್ತಪರೀಕ್ಷೆಯ ದರ ಇವು ಯಾವ ರೋಗಕ್ಕೆ ಬದಲಾಗುತ್ತವೆ?

ಹುಮನಾಬಾದು ಹೆದ್ದಾರಿಯ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ವಾಹನಗಳೆಲ್ಲ ಅಲ್ಲಿ ಹಾಯುತ್ತವೆ; ಅಪಘಾತವೆಂಬುದು ಆ ಸೀಮೆಗೆ ಅಪರೂಪದ ಮಾತಲ್ಲ. ಗಾಯಾಳುವಿನ ಜೀವವುಳಿಸುವುದೇ ವೈದ್ಯನ ಮೊದಲ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1989ರಷ್ಟು ಹಿಂದೆಯೇ ತೀರ್ಪಿತ್ತಿದೆ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದೆಂದು ನಮ್ಮ ರಾಜ್ಯದ ಶಾಸನವೂ ಸಾರುತ್ತದೆ. ರಕ್ತ ಸುರಿಯುತ್ತಿರುವವನ ಬಂಧುವನ್ನು ಮೊದಲು ಹಣದ ಖಿಡಕಿಗೆ ಕಳಿಸುವವನು ಧರ್ಮವನ್ನಷ್ಟೇ ಅಲ್ಲ, ಶಾಸನವನ್ನೂ ಮೀರಿದವನು. ಇನ್ನು ಸೊಲ್ಲಾಪುರ, ಹೈದರಾಬಾದುಗಳ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು ಅಲ್ಲಿಂದ ದಲ್ಲಾಳಿಯನ್ನು ಪಡೆಯುವ ವ್ಯವಹಾರ! ಅದನ್ನೂ 2002ರ ನಿಯಮಾವಳಿ ನಿಷೇಧಿಸಿದೆ. ಎತ್ತಿನ ಬಜಾರದ ದಲ್ಲಾಳಿಯಾದರೂ ತಾನು ದಲ್ಲಾಳಿಯೆಂದು ಹೇಳಿಕೊಂಡೇ ನಿಲ್ಲುತ್ತಾನೆ.

ಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ವೈದ್ಯರಾದವರೆ, ಈ ಮಾತು ವಿಶೇಷವಾಗಿ ನಿಮಗೆ. ನಿಮ್ಮ ತಟ್ಟೆಗೆ ಬಿದ್ದ ರೊಟ್ಟಿಯ ಜೋಳವನ್ನು ಚೀಲ ಹೊತ್ತು ತಂದು ಕೊಟ್ಟವರೇ ಇಂದು ನಿಮ್ಮ ಹೊರಕೋಣೆಯ ಬಾಕಿನ ಮೇಲೆ ಕುಳಿತಿದ್ದಾರೆ. ಉಚಿತವಾಗಿ ನೋಡಿರೆಂದು ಅವರು ಬೇಡುತ್ತಿಲ್ಲ. ಬಾಗಿಲಲ್ಲಿ ಒಂದು ಫಲಕ ಹಾಕಿರಿ. ಈ ಸೀಮೆಯವರು ಓದಬಲ್ಲಂತೆ ಕನ್ನಡದ ಜೊತೆಗೆ ಮರಾಠಿ, ಉರ್ದುಗಳಲ್ಲಿಯೂ ಬರೆಸಿರಿ. ಶುಲ್ಕವೆಷ್ಟು, ಎಷ್ಟು ದಿನದೊಳಗೆ ಮರಳಿ ಬಂದರೆ ಅದೇ ಶುಲ್ಕ ನಡೆಯುತ್ತದೆ, ಔಷಧವನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದೆ ಎಂಬ ಮೂರು ಸಂಗತಿ ಅದರಲ್ಲಿರಲಿ.

ಭಕ್ತರಾದ ನಿಮ್ಮಲ್ಲಿಯೂ ದೋಷವಿಲ್ಲದಿಲ್ಲ. ಸೂಜಿ ಚುಚ್ಚದ, ಸಲೈನ್ ಏರಿಸದ ವೈದ್ಯನು ವೈದ್ಯನೇ ಅಲ್ಲವೆಂದು ನೀವೇ ಹಟ ಹಿಡಿದರೆ ಬಿಲ್ಲು ಬೆಳೆಯದೆ ಇನ್ನೇನಾದೀತು? ರೋಗಿ ಸತ್ತನೆಂದು ವೈದ್ಯನ ಮೇಲೆ ಕೈಮಾಡುವುದಂತೂ ಲಿಂಗ ಧರಿಸಿದವರಿಗೆ ಹೇಯವಾದ ನಡೆ. ಕೂಗಾಡಬೇಡಿರಿ, ರಸೀದಿ ಕೇಳಿರಿ. ಕೊಡದಿದ್ದರೆ ಬೀದರಿನಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿರಿ. ಬರೆಯಲು ಬಾರದವರು ಮಠಕ್ಕೆ ಬರಲಿ, ಅರ್ಜಿಯನ್ನು ನಾವು ಬರೆಯಿಸಿಕೊಡುತ್ತೇವೆ.