ಮೀನಿಗೆ ಬೇರೆ ಗುರುತು ಬೇಕು

ನಮ್ಮ ಗಂಗಾವತಿ ಕಡೆ ಕ್ರಿಮಿನಾಶಕ, ಕಳೆನಾಶಕ ಎಲ್ಲಕ್ಕೂ ಒಂದೇ ಹೆಸರು, ‘ಎಣ್ಣೆ’. ಅದರ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಕಡು ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ನೀಲಿ, ಹಸಿರು ಕಂಡರೆ ‘ಇದೇನೂ ಮಾಡಲ್ಲ ಬಿಡು’ ಎನ್ನುವುದು ನಮ್ಮಲ್ಲಿ ರೂಢಿ.

ಆದರೆ ಈ ಬಣ್ಣ ನಿಗದಿಯಾಗುವುದು ಇಲಿಯಂಥ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಿಂದ. ಮನುಷ್ಯನಿಗೆ ಎಷ್ಟು ಅಪಾಯ ಎಂಬುದನ್ನಷ್ಟೇ ಅದು ಹೇಳುತ್ತದೆ. ಮೀನಿನ ಲೆಕ್ಕ ಅದರಲ್ಲಿಲ್ಲ. ಭತ್ತದ ಗದ್ದೆಗೆ ಹಾಕುವ ಬ್ಯುಟಾಕ್ಲೋರ್ ಕಳೆನಾಶಕವನ್ನೇ ನೋಡಿ. ಅದರ ತ್ರಿಕೋನ ನೀಲಿ. ಆದರೆ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಕೆಲವು ಜಾತಿಯ ಮೀನುಗಳಲ್ಲಿ ಅರ್ಧದಷ್ಟು 4 ದಿನದೊಳಗೆ ಸಾಯುತ್ತವೆ. ಸೈಪರ್‌ಮೆಥ್ರಿನ್ ಗುಂಪಿನ ಕೀಟನಾಶಕಗಳದ್ದು ಇನ್ನೂ ಕೆಟ್ಟ ಕಥೆ. ನಮ್ಮ ದೇಹ ಅವನ್ನು ಬೇಗ ಒಡೆದು ಹೊರಹಾಕುತ್ತದೆ, ಮೀನಿನ ದೇಹಕ್ಕೆ ಆ ಶಕ್ತಿ ಬಹಳ ಕಡಿಮೆ.

ಸತ್ತು ತೇಲುವ ಮೀನು ಕಣ್ಣಿಗಾದರೂ ಬೀಳುತ್ತದೆ. ನನಗೆ ಹೆಚ್ಚು ಚಿಂತೆ ಬದುಕಿ ಉಳಿದವುಗಳದ್ದು. ಕ್ಲೋರ್‌ಪೈರಿಫಾಸ್‌ನಂಥ ವಿಷ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ನರಗಳಿಗೆ ಬಿಡುವೇ ಸಿಗುವುದಿಲ್ಲ. ಮೀನು ನಡುಗುತ್ತದೆ, ದಿಕ್ಕು ತಪ್ಪಿ ಈಜುತ್ತದೆ, ಸರಿಯಾಗಿ ಮೇಯುವುದಿಲ್ಲ. ಕಿವಿರು ಹಾಳಾದರೆ ನೀರಿನ ಮೇಲೆ ಬಂದು ಬಾಯಿ ಬಿಡುತ್ತದೆ. ಇಂಥ ಮೀನು ಮೊಟ್ಟೆಯಿಟ್ಟು ಸಂತಾನ ಬೆಳೆಸುವುದು ಹೇಗೆ? ‘ಹಳ್ಳದ ಕೊರವ ಈಗೆಲ್ಲಿ ಬೇಟಾ, ಎಲ್ಲ ಸಾಕಿದ ರೋಹು, ಕಟ್ಲಾ’ ಎನ್ನುತ್ತಾರೆ ನಮ್ಮ ಓಣಿಯಲ್ಲಿ ಮೀನು ಮಾರುವ ಚಾಚಾ. ಕೊರವ ಕಡಿಮೆಯಾಗಲು ಎಣ್ಣೆಯೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಗದ್ದೆಗಳ ಬಸಿನೀರು ಕೊನೆಗೆ ಸೇರುವುದು ಇದೇ ಹಳ್ಳಗಳನ್ನು.

ರೈತರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಡಬ್ಬಿಯೊಳಗಿನ ಚೀಟಿಯ ಅಕ್ಷರ ಇರುವೆಗಿಂತ ಸಣ್ಣದು. ಎಷ್ಟು ಹೊಡೆಯಬೇಕೆಂದು ಹೇಳುವವರು ಅಂಗಡಿಯವರು, ಅವರಿಗೆ ಮಾರಾಟ ಮುಖ್ಯ. ಹೀಗಾಗಿ ಡಬ್ಬಿಯ ಮೇಲೆಯೇ ತ್ರಿಕೋನದ ಪಕ್ಕ ಮೀನಿನ ಚಿತ್ರವೊಂದು ಕಡ್ಡಾಯವಾಗಬೇಕು. ಓದಲು ಬಾರದವರಿಗೂ ಅದು ಅರ್ಥವಾಗುತ್ತದೆ.

ಅದು ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ನಮ್ಮಲ್ಲಿ ಅನೇಕರ ಮನೆಯಲ್ಲಿ ಗದ್ದೆ ಇದೆ, ಇಲ್ಲವೇ ಅಬ್ಬಾ, ಅಣ್ಣ ಕೂಲಿಗೆ ಎಣ್ಣೆ ಹೊಡೆಯಲು ಹೋಗುತ್ತಾರೆ. ಪಂಪು ತೊಳೆದ ನೀರು ಕಾಲುವೆಗೆ ಬೀಳದೆ ಗದ್ದೆಯಲ್ಲೇ ಉಳಿಯಲಿ, ಎಣ್ಣೆ ಹೊಡೆದ ಮೇಲೆ ಕೆಲವು ದಿನ ಗದ್ದೆಯ ನೀರು ಹೊರಗೆ ಬಿಡುವುದು ಬೇಡ ಎಂದು ಅವರಿಗೆ ಹೇಳೋಣ. ಆ ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಂಚಲು ಜೀವಶಾಸ್ತ್ರ ವಿಭಾಗದ ಸರ್, ಮೇಡಂ ನೆರವಾದರೆ ಈ ಸಲದ ನಾಟಿಗೆ ಮೊದಲೇ ಕೆಲಸ ಮುಗಿಯುತ್ತದೆ.