ಜೀವವೈವಿಧ್ಯ: ಎರಡು ಗಡುವು ತಪ್ಪಿತು, ಮೂರನೆಯದಕ್ಕೆ ಯಾರು ಹೊಣೆ?

ಭೂಮಿಯ ಜೀವಸಂಪತ್ತನ್ನು ಉಳಿಸುತ್ತೇವೆಂದು ಜಗತ್ತಿನ ರಾಷ್ಟ್ರಗಳು ಮಾತು ಕೊಟ್ಟು ಮೂರು ದಶಕಗಳು ಕಳೆದಿವೆ. 1992ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೊದಲ್ಲಿ ಸಹಿಗೆ ತೆರೆಯಲಾದ ಜೀವವೈವಿಧ್ಯ ಒಪ್ಪಂದಕ್ಕೆ ಇಂದು ಐರೋಪ್ಯ ಒಕ್ಕೂಟವೂ ಸೇರಿ 196 ಸದಸ್ಯರಿದ್ದಾರೆ. ಅಮೆರಿಕಾ ಸಹಿ ಹಾಕಿಯೂ ಅನುಮೋದಿಸಿಲ್ಲ. 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಜೀವಜಾತಿಗಳ ನಾಶದ ಕುರಿತು ವಿಸ್ತಾರವಾಗಿ ಬರೆದಿದ್ದರೂ, ವ್ಯಾಟಿಕನ್ ಸಹ ಇದರ ಸದಸ್ಯನಲ್ಲ ಎಂಬುದು ನಮಗೆ ತಿಳಿದಿರಬೇಕು.

ಸದಸ್ಯರ ಸಂಖ್ಯೆಗೆ ಕೊರತೆಯಿಲ್ಲ, ಕೊರತೆಯಿರುವುದು ನಡೆಯಲ್ಲಿ. ನಾಶದ ವೇಗವನ್ನು 2010ರೊಳಗೆ ಗಣನೀಯವಾಗಿ ತಗ್ಗಿಸುವುದಾಗಿ 2002ರಲ್ಲಿ ಘೋಷಿಸಲಾಯಿತು, ಆಗಲಿಲ್ಲ. 2010ರಲ್ಲಿ ಜಪಾನಿನ ನಗೋಯಾದಲ್ಲಿ 2020ಕ್ಕೆಂದು 20 ಗುರಿಗಳನ್ನು ಹಾಕಿಕೊಂಡರು. ಅವುಗಳಲ್ಲಿ ಒಂದೂ ಜಾಗತಿಕ ಮಟ್ಟದಲ್ಲಿ ಪೂರ್ಣವಾಗಿ ಈಡೇರಲಿಲ್ಲವೆಂದು ವಿಶ್ವಸಂಸ್ಥೆಯ ವರದಿಯೇ ಒಪ್ಪಿಕೊಂಡಿತು.

ಈಗಿನದು ಮೂರನೆಯ ಗಡುವು. 2022ರ ಡಿಸೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ 23 ಗುರಿಗಳಿಗೆ ಒಪ್ಪಿಗೆಯಾಯಿತು. 2030ರೊಳಗೆ ನೆಲದ ಶೇ. 30 ಹಾಗೂ ಕಡಲಿನ ಶೇ. 30 ಭಾಗವನ್ನು ಸಂರಕ್ಷಿಸುವುದು ಮತ್ತು ಅಲ್ಲಿನ ಮೂಲನಿವಾಸಿಗಳ, ಸ್ಥಳೀಯ ಸಮುದಾಯಗಳ ಹಕ್ಕನ್ನು ಗೌರವಿಸುವುದು ಅವುಗಳಲ್ಲಿ ಪ್ರಮುಖ. ಇದಕ್ಕೆಲ್ಲ ಎಲ್ಲ ಮೂಲಗಳಿಂದ ವರ್ಷಕ್ಕೆ 20,000 ಕೋಟಿ ಡಾಲರ್ ಹೊಂದಿಸಬೇಕಾಗಿದೆ.

ಹಣದ ಮಾತು ಬಂದಾಗಲೇ ನಿಜಸ್ಥಿತಿ ಬಯಲಾಯಿತು. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಸೇರಿದ ಸಮ್ಮೇಳನ ಈ ವಿಷಯದಲ್ಲಿ ತೀರ್ಮಾನಕ್ಕೆ ಬರುವ ಮುನ್ನವೇ ಕೋರಂ ಇಲ್ಲದೆ ನಿಂತುಹೋಯಿತು. 2025ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಮತ್ತೆ ಸೇರಿ ಹಣ ಕ್ರೋಡೀಕರಣದ ಕಾರ್ಯತಂತ್ರವನ್ನು ಅಂಗೀಕರಿಸಿದರು. ಆದರೆ ಕಾರ್ಯತಂತ್ರವೇ ಹಣವಲ್ಲ. ಕಾಲಿಯಲ್ಲಿ ಆದ ಒಂದು ಒಳ್ಳೆಯ ಕೆಲಸವೆಂದರೆ, ಮೂಲನಿವಾಸಿಗಳು ಮತ್ತು ಸ್ಥಳೀಯ ಸಮುದಾಯಗಳ ವಿಚಾರಕ್ಕೆ ಒಪ್ಪಂದದ ಚೌಕಟ್ಟಿನಲ್ಲೇ ಕಾಯಂ ಅಂಗಸಂಸ್ಥೆಯೊಂದನ್ನು ರಚಿಸಿದ್ದು.

ಇದಕ್ಕೂ ನಮ್ಮ ಊರಿಗೂ ಏನು ಸಂಬಂಧವೆಂದು ಕೇಳಬಹುದು. ಈ ಒಪ್ಪಂದವನ್ನು ಜಾರಿಗೊಳಿಸಲೆಂದೇ ಭಾರತ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಮಾಡಿತು. ಅದರಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಸಸ್ಯ, ಪ್ರಾಣಿ, ಮೀನು ಹಾಗೂ ಜನರ ಪಾರಂಪರಿಕ ಜ್ಞಾನದ ದಾಖಲಾತಿ ಪುಸ್ತಕ ಸಿದ್ಧವಾಗಬೇಕು. ಕಾಯ್ದೆ ಬಂದು 17 ವರ್ಷಗಳಾದರೂ ಕೆಲಸ ಮುಗಿಯದಿದ್ದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ದಂಡದ ಎಚ್ಚರಿಕೆ ಕೊಡಬೇಕಾಯಿತು.

ದಂಡದ ಭಯಕ್ಕೆ ಕಚೇರಿಯಲ್ಲೇ ಕುಳಿತು ತುಂಬಿಸಿದ ಪುಸ್ತಕದಿಂದ ಒಂದು ಮರವೂ ಉಳಿಯದು. ಅಳಿವೆಯಲ್ಲಿ ಮರುವಾಯಿ ಹೆಕ್ಕುವ ಮಹಿಳೆ, ನಾಡದೋಣಿಯ ಮೀನುಗಾರ, ಬೇರು-ನಾರು ಬಲ್ಲ ನಾಟಿವೈದ್ಯ ಇವರ ಅರಿವು ಅದರಲ್ಲಿ ಸೇರಬೇಕು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ? ದಾಖಲಾತಿ ತಯಾರಿಸುವಾಗ ಯಾರನ್ನು ಕೇಳಿದ್ದಾರೆ? ಮುಂದಿನ ಗ್ರಾಮಸಭೆಯಲ್ಲಿ ಧರ್ಮಕೇಂದ್ರದ ನಾಲ್ಕು ಜನ ಎದ್ದು ನಿಂತು ಈ ಎರಡು ಪ್ರಶ್ನೆಗಳನ್ನು ಕೇಳಲಿ. ರೋಮ್‌ನಲ್ಲಿ ಕೊಟ್ಟ ಮಾತಿಗೆ ಲೆಕ್ಕ ಕೇಳುವ ಅಧಿಕಾರ ಕಾನೂನಿನ ಮೂಲಕ ನಮ್ಮ ಊರಿಗೂ ಬಂದಿದೆ.